ದೀಪ ಹಚ್ಚುವ ಹೊತ್ತಿಗೆ ಸರಿಯಾಗುತ್ತಿದ್ದ ಫೋನುಗಳು

ಅವರು ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋದಾಗ, ಹಜಾರದಲ್ಲಿ ಕೂತಿದ್ದ ಹಳೆಯ ಸಹೋದ್ಯೋಗಿಗಳೆಲ್ಲ ಒಬ್ಬರಾದ ಮೇಲೆ ಒಬ್ಬರು "ಬಹಳ ಸಾಧು ಹೆಂಗಸು, ಯಾರ ತಂಟೆಗೂ ಹೋದವರಲ್ಲ" ಎನ್ನುತ್ತಿದ್ದರು. ನನಗೆ ಮೈ ಉರಿದುಹೋಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಹಾಗಂತ ಹಸಿ ಸುಳ್ಳು ಹೇಳಬಹುದೆ? ಅವರು ಎಲ್ಲರ ತಂಟೆಗೂ ಹೋದವರು. ಪಾಂಡವಪುರದ ನಮ್ಮ ಟೆಲಿಫೋನ್ ಕಚೇರಿಯಲ್ಲಿ ಅವರ ಜೊತೆ ಜಗಳವಾಡದೆ ಉಳಿದದ್ದು ಅಂಗಳದ ಬೇವಿನ ಮರ ಒಂದೇ. ಅದಕ್ಕೂ ಕೂಡ, ಕಂಪ್ಯೂಟರ್ ಕೋಣೆಯ ಕಿಟಕಿಗೆ ಎಲೆ ಉದುರಿಸುತ್ತದೆಂದು ಒಂದೆರಡು ಸಲ ಬೈದದ್ದನ್ನು ನಾನೇ ಕೇಳಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಕಚೇರಿಯ ಸಾಹೇಬರ ಹೆಸರೂ ಉಳಿದವರ ಹೆಸರೂ ತಾನಾಗಿ ಹೊರಬೀಳುತ್ತವೆ, ಆಮೇಲೆ ಯಾರಾದರೊಬ್ಬರು ಫೋನ್ ಮಾಡಿ "ಅದೆಲ್ಲ ಈಗ ಯಾಕಮ್ಮ" ಎಂದು ಶುರುಮಾಡುತ್ತಾರೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಆಚಾರ್ರ ಮಗಳು ಎನ್ನುತ್ತಿದ್ದರು. ತಂದೆ ಪಾಂಡವಪುರದ ಪೇಟೆಬೀದಿಯಲ್ಲಿ ಚಿನ್ನದ ಕೆಲಸ ಮಾಡಿಕೊಂಡಿದ್ದವರು. ಆ ಮಾತು ಕಿವಿಗೆ ಬಿದ್ದರೆ ಇವರು ಸುಮ್ಮನೆ ಹೋಗುತ್ತಿರಲಿಲ್ಲ. ತಿರುಗಿ ನಿಂತು, "ಹೌದಪ್ಪಾ, ಆಚಾರ್ರ ಮಗಳೇ. ಬೆರಕೆ ಚಿನ್ನ ನಮ್ಮಪ್ಪನ ಕಣ್ಣಿಗೆ ಬೀಳ್ತಿತ್ತು, ನನ್ನ ಕಣ್ಣಿಗೂ ಬೀಳುತ್ತೆ. ಹುಷಾರಾಗಿರಿ" ಎಂದೇ ಮುಂದಕ್ಕೆ ಹೆಜ್ಜೆ ಇಡುತ್ತಿದ್ದರು.

ಗಂಡ ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರು. ಅಲ್ಲಿಂದ ಇವರು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕಚೇರಿಗೆ ಬರುತ್ತಿದ್ದರು. ಬಸ್ಸಿನಿಂದ ಇಳಿಯುವಾಗಲೇ ಕಂಡಕ್ಟರನ ಜೊತೆ ಒಂದು ಸುತ್ತು ಆಗಿರುತ್ತಿತ್ತು. ಎತ್ತರದ ಆಳು, ದೊಡ್ಡ ದನಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಬ್ಯಾಗಿನಲ್ಲಿ ಯಾವಾಗಲೂ ಹುರಿದ ಕಡಲೆಕಾಯಿ ಬೀಜ, ಒಂದು ತುಂಡು ಬೆಲ್ಲ. ಸಿಟ್ಟು ಬಂದಾಗ ಬೆಲ್ಲ ಕಡಿಯುತ್ತಿದ್ದರು. ತಿಂಗಳಿಗೆ ಎಷ್ಟು ಬೆಲ್ಲ ಖರ್ಚಾಗುತ್ತಿತ್ತೋ ಮೇಷ್ಟ್ರಿಗೇ ಗೊತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆ ಒಂದು ಕೋಣೆ, ಕೋಣೆಗೆ ಒಂದು ಬೀಗ, ಬಾಗಿಲಲ್ಲಿ ಚಪ್ಪಲಿ ಬಿಡುವ ಶಾಸ್ತ್ರ ಎಲ್ಲ ಆಯಿತು. ಮೈಸೂರಿಗೆ ಹೋಗಿ ಡೇಟಾಬೇಸ್ ಕಲಿತು ಬಂದವರು ಇವರೊಬ್ಬರೇ ಆದ್ದರಿಂದ ಕೋಣೆಯ ಯಜಮಾನಿಕೆ ಇವರಿಗೆ ಬಂತು. ಮೊದಲ ಆಯುಧಪೂಜೆಯಲ್ಲಿ ಯಾರೋ ಭಕ್ತಿ ಹೆಚ್ಚಾಗಿ ಕೀಬೋರ್ಡಿಗೆ ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ ಹಚ್ಚಿಬಿಟ್ಟರು. ಮಾರನೇ ದಿನ ಅರ್ಧ ಗುಂಡಿಗಳು ಒತ್ತಿದರೆ ಮೇಲೇಳಲಿಲ್ಲ. ಅವರು ಬಾಗಿಲಿಗೆ ಅಡ್ಡ ನಿಂತು, "ಇನ್ಮೇಲೆ ಪೂಜೆ ಮಾಡೋರು ಹೊರಗಿನ ಬೀಗಕ್ಕೆ ಮಾಡಿ" ಎಂದು ಆಜ್ಞೆ ಹೊರಡಿಸಿದರು. ಸಾಹೇಬರು ಒಳಗೆ ಬಂದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪರದೆಯ ಮೇಲಿನ ಸಾಲುಗಳನ್ನು ಓದುವಾಗ ಎಡಗಣ್ಣು ಮುಚ್ಚಿ, ಮುಖ ಹತ್ತಿರ ಒಯ್ಯುತ್ತಿದ್ದರು. ಅವರ ತಂದೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸರದ ಕೊಂಡಿ ನೋಡುತ್ತಿದ್ದ ರೀತಿಯೂ ಅದೇ ಎಂದು ನಮ್ಮ ಲೈನ್‌ಮನ್ ಚಿಕ್ಕಣ್ಣ ಹೇಳುತ್ತಿದ್ದ.

ನಾನು ಟೆಸ್ಟ್ ಮೇಜಿನ ಆಪರೇಟರು. ಆ ಕಾಲದಲ್ಲಿ ಹಳ್ಳಿಗೊಂದು ಫೋನು, ಅದೂ ಅಂಗಡಿಯಲ್ಲೋ ಯಾರದಾದರೂ ಪಡಸಾಲೆಯಲ್ಲೋ. ಗುಡ್ಡಗಾಡಿನ ಕಡೆ ತಂತಿ ಎಳೆಯಲು ಆಗದೆ ರೇಡಿಯೋ ಮೂಲಕ ಕೊಟ್ಟ ಫೋನುಗಳು. ಕೋಲಿನ ಮೇಲೆ ಒಂದು ಆಂಟೆನಾ, ಕೆಳಗೆ ಒಂದು ಬ್ಯಾಟರಿ ಪೆಟ್ಟಿಗೆ. ಬೆಳಿಗ್ಗೆ ಬಂದ ಕೂಡಲೇ ಈ ಹಳ್ಳಿಗಳಿಗೆಲ್ಲ ಒಂದೊಂದು ರಿಂಗ್ ಕೊಡುವುದು ನನ್ನ ಕೆಲಸ. ಆ ಕಡೆಯಿಂದ ಹಲೋ ಬಂದರೆ ಸರಿ, ಬರದಿದ್ದರೆ ಡೆಡ್. ಇದನ್ನು ಕಂಪ್ಯೂಟರಿಗೆ ತುಂಬುವುದೂ ನಾನೇ. ತುಂಬಿದ್ದನ್ನು ಯಾರೂ ನೋಡುತ್ತಿರಲಿಲ್ಲ. ತಿಂಗಳ ವರದಿಗೆ ಬೇಕಾದದ್ದು ಜನ ಕೊಟ್ಟ ದೂರುಗಳ ಪಟ್ಟಿ ಮಾತ್ರ.

ದೂರುಗಳ ವಿಷಯದಲ್ಲಿ ನಮ್ಮ ಸಾಹೇಬರದು ಒಂದು ಸಂಪ್ರದಾಯವಿತ್ತು. ದೈವಭಕ್ತರು, ಕೆಟ್ಟವರೆಂದು ನಾನು ಹೇಳಲಾರೆ. ಸಂಜೆ ಐದಾಗುತ್ತಲೇ ಗೋಡೆಯ ಮೇಲಿದ್ದ ಪಟಕ್ಕೆ ಊದುಬತ್ತಿ ಹಚ್ಚಿ, ದೂರಿನ ಮೇಜಿನತ್ತ ಬಂದು, "ದೀಪ ಹಚ್ಚೋ ಹೊತ್ತಿಗೆ ಬಾಕಿ ಕೆಲಸ ಇಟ್ಕೋಬಾರದು, ಲಕ್ಷ್ಮಿ ಬರಲ್ಲ" ಎನ್ನುತ್ತಿದ್ದರು. ಅಂದರೆ ಏನು? ಅವತ್ತು ಬಂದ ದೂರುಗಳಲ್ಲಿ ರಿಪೇರಿಯಾದವು, ಆಗದವು ಎಲ್ಲದರ ಮುಂದೆಯೂ 'ಸರಿಪಡಿಸಲಾಗಿದೆ' ಎಂದು ಬೀಳಬೇಕು. ಬೆಳಿಗ್ಗೆ ಅದೇ ಫೋನು ಮತ್ತೆ ಕೆಟ್ಟಿದೆಯೆಂದು ದೂರು ಬಂದರೆ ಹೊಸ ದೂರು. ಮೂರು ದಿನ ಮೀರಿ ಕೆಟ್ಟ ಫೋನಿನ ವಿವರ ಮೇಲಿನ ಕಚೇರಿಗೆ ಹೋಗಬೇಕೆಂಬ ನಿಯಮವಿತ್ತು. ನಮ್ಮಿಂದ ಒಂದೂ ಹೋಗಲಿಲ್ಲ. ಕಾಗದದ ಮೇಲೆ ನಮ್ಮ ತಾಲ್ಲೂಕಿನ ಯಾವ ಫೋನೂ ಒಂದು ರಾತ್ರಿ ಸತ್ತು ಮಲಗಿದ್ದೇ ಇಲ್ಲ.

ಇಂಥ ಕಚೇರಿಗೆ ಒಂದು ಸಂತೆ ದಿನ ದೇವೀರಮ್ಮ ಬಂದಳು. ತೊಣ್ಣೂರು ಕೆರೆಯ ಆಚೆ, ಗುಡ್ಡದ ಹಿಂದಿನ ಒಂದು ಸಣ್ಣ ಊರಿನವಳು. ಆ ಊರಿನ ಫೋನು ಇದ್ದದ್ದು ಅವಳ ಅಂಗಡಿಯಲ್ಲಿ. ಸಂತೆಗೆ ಬಂದಾಗಲೆಲ್ಲ ತಲೆಯ ಮೇಲಿನ ಮಂಕರಿ ಇಳಿಸದೆಯೇ ಒಂದು ದೂರು ಬರೆಸಿ ಹೋಗುತ್ತಿದ್ದಳು. ಅವತ್ತು ಮಂಕರಿ ಇಳಿಸಿದಳು.

"ಏನ್ರವ್ವಾ, ಬಂದಾಗೆಲ್ಲಾ ಬರ್ಕತ್ತೀರಿ, ಅತ್ಲಾಗ್ ಹೊಂಟ್ಮೇಲೆ ಮರ್ತ್‌ಬುಡ್ತೀರಿ. ನಮ್ದೇನು ಫೋನಾ ಇಲ್ಲಾ ಕಲ್ಲುಗುಂಡಾ? ನಮ್ ಬೀದಿ ಎಣ್ಣುಮಗೀಗೆ ಎರ್ಗೆ ನೋವು ಬಂತು. ಜೀಪ್ ಕರ್ಸನಾ ಅಂದ್ರೆ ಫೋನ್ ಉಸ್ರೇ ಬುಡಕಿಲ್ಲ. ಎತ್ತಿನ್ ಗಾಡೀಲಿ ಆಕ್ಕೊಂಡ್ ಒಂಟ್ವಿ. ತೊಣ್ಣೂರ್ ಕೆರೆ ಏರಿ ಮ್ಯಾಲೇ ಎತ್ತುಬುಟ್ಲು. ಮಗ ಉಳ್ಕಂತು, ನಮ್ಮ್ ಪುಣ್ಯ. ಉಳೀದೇ ಇದ್ದಿದ್ರೆ ನಿಮ್ಮ್ ಬಾಗ್ಲಿಗೇ ತಂದು ಮಲಗಿಸ್ತಿದ್ದೆ."

ದೂರಿನ ಮೇಜಿನವರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಆಗ ಕಂಪ್ಯೂಟರ್ ಕೋಣೆಯಿಂದ ಇವರು ಹೊರಗೆ ಬಂದರು, ಬರಿಗಾಲಲ್ಲೇ. ದೇವೀರಮ್ಮನನ್ನು ಒಳಕ್ಕೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಅಂಗೈಗೆ ಬೆಲ್ಲ ಇಟ್ಟು, "ಯಾವಾಗಿಂದ ಕೆಟ್ಟದಮ್ಮ?" ಎಂದು ಕೇಳಿದರು.

"ಯುಗಾದಿ ಕಳೀತಿದ್ದಂಗೆ ಓತು ಕಣವ್ವಾ. ಈಗ ಆಯ್ದಪೂಜೆ ಬತ್ತಾ ಅದೆ."

ಅವರು ದೂರುಗಳ ಪಟ್ಟಿ ತೆಗೆದು ನೋಡಿದರು. ಸಂತೆಗೊಂದು ದೂರು, ಅವತ್ತೇ ಸಂಜೆ 'ಸರಿಪಡಿಸಲಾಗಿದೆ'. ಮುಂದಿನ ಸಂತೆವರೆಗೆ ಶಾಂತಿ. ಫೋನೇ ಸತ್ತ ಊರಿನವರು ದೂರು ಕೊಡಬೇಕಾದರೆ ಪೇಟೆಗೆ ನಡೆದು ಬರಬೇಕು, ದಿನಾ ಯಾರು ಬರುತ್ತಾರೆ? ಆದರೆ ಪಟ್ಟಿ ನೋಡಿದವರಿಗೆ ಅದು ಬಲು ಒಳ್ಳೆಯ ಫೋನು. ಅವರು ಎಡಗಣ್ಣು ಮುಚ್ಚಿಕೊಂಡೇ ನನ್ನತ್ತ ತಿರುಗಿ, "ದೂರು ಬರಲಿಲ್ಲ ಅಂದ್ರೆ ಚೆನ್ನಾಗಿದೆ ಅಂತಲ್ಲ ಕಣೇ. ಸತ್ತೋನು ಕೂಗಿಕೊಳ್ತಾನಾ?" ಎಂದರು.

ಅದೇ ವಾರ ಇನ್ನೊಂದು ಸಂಗತಿ ಗೊತ್ತಾಯಿತು. ದೇವೀರಮ್ಮನ ಅಂಗಡಿಯ ಫೋನನ್ನು ಕಿತ್ತು, ಕೆ.ಆರ್. ಪೇಟೆ ರಸ್ತೆಯಲ್ಲಿದ್ದ ಒಬ್ಬ ದೊಡ್ಡ ಮನುಷ್ಯರ ಅಕ್ಕಿ ಗಿರಣಿಗೆ ಕೊಡುವ ಪ್ರಸ್ತಾಪ ತಯಾರಾಗಿತ್ತು. ಕಾರಣ, 'ಸದರಿ ಗ್ರಾಮದಲ್ಲಿ ಫೋನಿನ ಬಳಕೆ ಇರುವುದಿಲ್ಲ'. ಕರೆಗಳ ಲೆಕ್ಕ ಸೊನ್ನೆ. ಸತ್ತ ಫೋನಿನಿಂದ ಕರೆ ಎಲ್ಲಿಂದ ಹೋದೀತು? ನಾನು ಆ ಹಾಳೆ ಓದಿ ನಕ್ಕುಬಿಟ್ಟೆ. ಅವರು ನಗಲಿಲ್ಲ. "ಕತ್ತು ಹಿಸುಕಿಬಿಟ್ಟು, ಮಾತಾಡಲ್ಲ ಅಂತ ಹೆಸರಿಡ್ತಾರಲ್ಲೇ ಈ ಜನ" ಎಂದು ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡರು.

ತಿಂಗಳ ಕೊನೆಗೆ ಮೈಸೂರಿನಿಂದ ದೊಡ್ಡ ಸಾಹೇಬರು ಬಂದು ಪ್ರಸ್ತಾಪಕ್ಕೆ ಸಹಿ ಹಾಕುವವರಿದ್ದರು. ಅಷ್ಟರೊಳಗೆ ಆ ಫೋನು ಎಡೆಬಿಡದೆ ಸತ್ತಿತ್ತು ಎಂದು ತೋರಿಸಬೇಕು. ದೇವೀರಮ್ಮನ ಬಾಯಿಮಾತು ನಡೆಯುವುದಿಲ್ಲ, ಕಂಪ್ಯೂಟರೇ ಹೇಳಬೇಕು. ಅವರಿಗೆ ನೆನಪಾದದ್ದು ಯಾರೂ ನೋಡದ ನನ್ನ ಬೆಳಗಿನ ಟೆಸ್ಟು. ಅದರಲ್ಲಿ ಜನರ ದೂರು ಬೇಕಿಲ್ಲ, ದೀಪ ಹಚ್ಚುವ ಹೊತ್ತಿನ ಪವಾಡವೂ ಇಲ್ಲ. ಹಲೋ ಬಂತೋ ಇಲ್ಲವೋ, ಅಷ್ಟೇ.

ಸತ್ತ ದಿನಗಳನ್ನು ಆರಿಸಿ ತೆಗೆಯುವುದು ಸುಲಭವಿತ್ತು. ಅವು ಒಂದರ ಬೆನ್ನಿಗೆ ಒಂದು ಬಂದಿವೆಯೇ ಎಂದು ಕಂಪ್ಯೂಟರಿಗೆ ತಿಳಿಯುವಂತೆ ಕ್ವೆರಿ, ಅಂದರೆ ಅದನ್ನು ಕೇಳುವ ಪ್ರಶ್ನೆ, ಬರೆಯುವುದು ಕಷ್ಟ. ಅದಕ್ಕೆ ಪ್ರತಿ ದಿನದ ಸಾಲೂ ಬಿಡಿ ಬಿಡಿ, ನಿನ್ನೆ ಎಂಬುದು ಅದಕ್ಕೆ ಗೊತ್ತಿಲ್ಲ. "ನಮ್ಮ ಸಾಹೇಬರ ಥರಾನೇ" ಎಂದು ಅವರು ಗೊಣಗಿದರು. ಎರಡು ದಿನ ಕೋಣೆಯಿಂದ ಬೈಗುಳ ಬಿಟ್ಟರೆ ಬೇರೆ ಸದ್ದಿಲ್ಲ. ಮೂರನೇ ದಿನ ಊಟದ ಹೊತ್ತಿನಲ್ಲಿ ನನ್ನನ್ನು ಕರೆದರು.

"ನಾನೂ ನೀನೂ ಬಸ್‌ಸ್ಟ್ಯಾಂಡಿಂದ ಆಫೀಸಿಗೆ ನಡ್ಕೊಂಡು ಬರ್ತೀವಿ. ನೀನು ನಾಲ್ಕು ಹೆಜ್ಜೆ ಹಿಂದೆ. ಇಬ್ಬರೂ ಒಂದೇ ಸಮ ನಡೆದ್ರೆ ಮಧ್ಯೆ ಎಷ್ಟು ಅಂತರ ಇರುತ್ತೆ?"

"ನಾಲ್ಕೇ ಹೆಜ್ಜೆ, ಮೇಡಂ."

"ನೀನು ಬಳೆ ಅಂಗಡಿ ಮುಂದೆ ನಿಂತುಬಿಟ್ರೆ?"

"ಅಂತರ ಜಾಸ್ತಿಯಾಗುತ್ತೆ."

"ಮುಗೀತು ಕಣೇ. ಅಷ್ಟೇ ವಿದ್ಯೆ."

ಅವರು ಮಾಡಿದ್ದು ಇಷ್ಟು. ತಾರೀಖುಗಳಿಗೆ ಸಾಲಾಗಿ ಅಂಕಿ ಕೊಟ್ಟರು. ಒಂದು ಫೋನು ಸತ್ತ ದಿನಗಳನ್ನಷ್ಟೇ ಬೇರೆ ತೆಗೆದು ಅವಕ್ಕೂ ಒಂದರಿಂದ ಅಂಕಿ ಕೊಟ್ಟರು. ಮೊದಲನೆಯದರಿಂದ ಎರಡನೆಯದನ್ನು ಕಳೆದರು. ಫೋನು ಬಿಡದೆ ಸತ್ತೇ ಇರುವವರೆಗೆ ಎರಡೂ ಅಂಕಿ ಜೊತೆಯಲ್ಲೇ ಏರುತ್ತವೆ, ಕಳೆದರೆ ಬರುವ ಉತ್ತರ ಒಂದೇ. ನಡುವೆ ಒಂದು ದಿನ ಹಲೋ ಬಂದಿದ್ದರೆ ಉತ್ತರ ಬದಲಾಗುತ್ತದೆ, ಸತ್ತ ದಿನಗಳ ಹೊಸ ಸರ ಶುರುವಾಗುತ್ತದೆ. ಒಂದೇ ಉತ್ತರದ ಸಾಲುಗಳನ್ನು ಒಟ್ಟು ಮಾಡಿ, ಮೊದಲ ದಿನ, ಕೊನೆಯ ದಿನ ತೋರಿಸು ಎಂದು ಕ್ವೆರಿ ಕೇಳುತ್ತಿತ್ತು. ನನ್ನಂಥವಳಿಗೂ ಅರ್ಥವಾಯಿತು, ಸಂತೋಷವೂ ಆಯಿತು.

ಆದರೆ ಮೊದಲ ಸಲ ಓಡಿಸಿದಾಗ ನಗೆಪಾಟಲಾಯಿತು. ಎಲ್ಲ ಸರಗಳೂ ಸೋಮವಾರ ಹುಟ್ಟಿ ಶನಿವಾರ ತುಂಡಾಗಿದ್ದವು. ನಮ್ಮ ತಾಲ್ಲೂಕಿನ ಫೋನುಗಳೆಲ್ಲ ಭಾನುವಾರ ಗುಣವಾಗಿ ಸೋಮವಾರ ಮತ್ತೆ ಹಾಸಿಗೆ ಹಿಡಿಯುತ್ತಿದ್ದವು. ಭಾನುವಾರ ಕಚೇರಿ ಮುಚ್ಚಿರುತ್ತದೆ, ನಾನು ಟೆಸ್ಟ್ ಮಾಡುವುದಿಲ್ಲ, ಆ ದಿನದ ಸಾಲೇ ಇಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವರು ಬೆಲ್ಲ ಕಡಿದು, ಕಚೇರಿ ತೆರೆದಿದ್ದ ದಿನಗಳಿಗೆ ಮಾತ್ರ ಅಂಕಿ ಕೊಟ್ಟು, ಶನಿವಾರದ ಪಕ್ಕಕ್ಕೆ ಸೋಮವಾರವನ್ನು ತಂದು ಕೂರಿಸಿದರು. "ಬೆಸುಗೆ ಹಾಕಿದೆ ನೋಡು" ಎಂದರು. ಈ ಸಲ ಪ್ರಿಂಟರು ಕಿರ್ರನೆ ಓಡಿತು. ಬೇರೆ ಊರುಗಳಿಗೆ ಹತ್ತಾರು ತುಂಡು ಸರಗಳು. ದೇವೀರಮ್ಮನ ಊರಿಗೆ ಒಂದೇ ಒಂದು ಸಾಲು, ಯುಗಾದಿ ಕಳೆದ ವಾರದಿಂದ ಆವತ್ತಿನ ಬೆಳಗಿನವರೆಗೆ. ಅವಳು ಹೇಳಿದ್ದನ್ನೇ ಯಂತ್ರವೂ ಹೇಳಿತು.

ಅವರು ಮೊದಲು ತೋರಿಸಿದ್ದು ಚಿಕ್ಕಣ್ಣನಿಗೆ. ಆ ಊರಿನ ಲೈನು ಅವನ ಪಾಲಿನದು, ಬೈಗುಳ ಬರುವುದಿದ್ದರೆ ಅವನಿಗೇ ಬರುವುದು. ಅವನು ಹಾಳೆ ನೋಡಿ, "ಮೇಡಮ್ಮಾರೆ, ಬ್ಯಾಟ್ರಿ ಸತ್ತೋಗದೆ. ಒಸಾದು ಕೊಡಿ ಅಂತ ಕೇಳಿ ಕೇಳಿ ನನ್ ಗಂಟ್ಲು ಬತ್ತೋಯ್ತು. ಬರೀ ಕೈಲಿ ಗುಡ್ಡ ಅತ್ತಿ ನಾನೇನು ಅದರ್ ಬಾಯ್ಗೆ ಉಸ್ರು ಊದ್ಲಾ?" ಎಂದ.

"ನೀನು ಕೇಳಿದ್ದು ನನಗೆ ಗೊತ್ತು ಕಣಯ್ಯಾ. ಮೀಟಿಂಗಲ್ಲಿ ನಿನ್ನ ಹೆಸರು ತೆಗೆದ್ರೆ ಅವರ ಜುಟ್ಟು ಹಿಡೀತೀನಿ" ಎಂದರು. ಮೀಟಿಂಗಿನಲ್ಲಿ ಕೂರುವವರಲ್ಲಿ ಜುಟ್ಟಿದ್ದವರು ಯಾರೂ ಇರಲಿಲ್ಲ, ಚಿಕ್ಕಣ್ಣನಿಗೆ ಧೈರ್ಯ ಮಾತ್ರ ಬಂತು.

ಮೀಟಿಂಗಿನ ದಿನ ನಾನು ಫೋನು ಹಿಡಿದು ಬಾಗಿಲ ಪಕ್ಕದ ಮೇಜಿನಲ್ಲಿ ಕೂತಿದ್ದೆ. ನಮ್ಮ ಸಾಹೇಬರು ಒಂದೊಂದೇ ಕಾಗದ ಮುಂದಿಡುತ್ತಿದ್ದರು, ಮೈಸೂರಿನ ದೊಡ್ಡ ಸಾಹೇಬರು ಸಹಿ ಹಾಕುತ್ತಿದ್ದರು. ಗಿರಣಿಯ ಪ್ರಸ್ತಾಪ ಬಂದಾಗ ಇವರು ಎದ್ದರು. ಯಾರಿಗೂ ಏಳದವರು ಎದ್ದು ನಿಂತದ್ದು ನೋಡಿಯೇ ನಮ್ಮ ಸಾಹೇಬರ ಮುಖ ಬಾಡಿತು. ಇವರು ಪ್ರಿಂಟಿನ ಹಾಳೆಯನ್ನು ಪ್ರಸ್ತಾಪದ ಮೇಲೆಯೇ ಹರಡಿ, ಬೆರಳಿಟ್ಟು ಆ ಸಾಲನ್ನು ತೋರಿಸಿದರು.

"ಇದೇನಮ್ಮ, ಈ ಭಾನುವಾರಗಳನ್ನೆಲ್ಲ ನೀವೇ ಸೇರಿಸಿಬಿಟ್ಟಿದ್ದೀರಿ?" ಎಂದರು ನಮ್ಮ ಸಾಹೇಬರು. "ಭಾನುವಾರ ಟೆಸ್ಟೇ ಆಗಿಲ್ಲ. ಅವತ್ತು ಫೋನ್ ಸರಿಯಾಗಿತ್ತು ಅಂತಲೂ ಹೇಳಬಹುದಲ್ಲ?"

"ಸರಿ ಮಾಡಿದವರು ಯಾರು ಸಾರ್? ಲೈನ್‌ಮನ್‌ಗೆ ರಜ. ದೇವರೇ ಬಂದು ಭಾನುವಾರ ರಿಪೇರಿ ಮಾಡಿ, ಸೋಮವಾರ ಬೆಳಿಗ್ಗೆ ನಾವು ಬಾಗಿಲು ತೆಗೆಯೋ ಹೊತ್ತಿಗೆ ಮತ್ತೆ ಕೆಡಿಸಿ ಹೋದನಾ? ಅಷ್ಟೂ ಭಾನುವಾರ?"

ಯಾರೋ ಕೆಮ್ಮಿದರು. ದೊಡ್ಡ ಸಾಹೇಬರು ಕನ್ನಡಕ ತೆಗೆದು, "ನೋಡಿಮ್ಮ, ದೂರಿನ ದಾಖಲೆಯಲ್ಲಿ ಎಲ್ಲ ಸರಿಯಿದೆ. ಈ ಹಾಳೆ ವಾಪಸ್ ತಗೊಳ್ಳಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅವರಿಗೆ ಇನ್ನೂ ನಾಗಮಂಗಲಕ್ಕೆ ಹೋಗಬೇಕಿತ್ತು.

"ತಗೋತೀನಿ ಸಾರ್. ಒಂದೇ ಒಂದು ಸಲ ಆ ಊರಿಗೆ ನೀವೇ ಫೋನ್ ಮಾಡಿ. ಅಲ್ಲಿಂದ ಹಲೋ ಬಂದ್ರೆ ಹಾಳೆನೂ ವಾಪಸ್, ನನ್ನ ಕೆಲಸಾನೂ ವಾಪಸ್."

ನಾನು, ಕೆಲಸದ ಮಾತು ಯಾಕೆ ತೆಗೆದರೋ ಎಂದು ಮೇಜಿನ ಕೆಳಗೆ ಸೆರಗು ಹಿಂಡಿಕೊಂಡೆ. ದೊಡ್ಡ ಸಾಹೇಬರು ನನ್ನತ್ತ ಕೈ ಚಾಚಿದರು. ನಾನು ಫೋನು ಒಯ್ದು ಮುಂದಿಟ್ಟು ನಂಬರು ಹೇಳಿದೆ. ಅವರು ತಿರುಗಿಸಿದರು, ಕಾದರು. ಮತ್ತೊಮ್ಮೆ ತಿರುಗಿಸಿದರು. ರಿಂಗಿನ ಸದ್ದಿಲ್ಲ, ಕೊಂಯ್ ಎಂಬುದೂ ಇಲ್ಲ. ರಿಸೀವರನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದರು.

ನಮ್ಮ ಸಾಹೇಬರು ಸುಲಭಕ್ಕೆ ಸೋಲುವವರಲ್ಲ. "ಸರಿ ಸಾರ್, ಒಪ್ಪಿದೆ, ಡೆಡ್ಡೇ ಆಗಿದೆ. ಇಷ್ಟು ಕಾಲ ಸತ್ತಿರೋ ಫೋನು ಆ ಊರಿಗೆ ಯಾಕೆ? ಕಿತ್ತು ಉಪಯೋಗ ಆಗೋ ಕಡೆ ಹಾಕೋಣ" ಎಂದರು. ಎಲ್ಲರೂ ತಲೆಯಾಡಿಸಿದರು. ನನಗೂ ಒಂದು ಗಳಿಗೆ ಅದು ಸರಿಯೆನ್ನಿಸಿ, ಕತೆ ಮುಗಿಯಿತು ಅಂದುಕೊಂಡೆ.

ಇವರು ಮಾತ್ರ ಕೂರಲಿಲ್ಲ. "ನಿಮ್ಮ ಪ್ರಸ್ತಾಪದ ಮೇಲ್ಗಡೆ ನೀವೇ ಬರೆಸಿದೀರಿ ಸಾರ್, ಓದಿ. ಕೆಲಸ ಮಾಡ್ತಿರೋ ಫೋನನ್ನ ಜನ ಬಳಸದಿದ್ರೆ ತೆಗೀಬಹುದು ಅಂತ ನಿಯಮ. ಇದು ಕೆಲಸಾನೇ ಮಾಡ್ತಿಲ್ಲ. ಕೆಟ್ಟದ್ದನ್ನ ರಿಪೇರಿ ಮಾಡಬೇಕು, ಕೀಳೋಹಾಗಿಲ್ಲ. ಒಂದು ಬ್ಯಾಟರಿ ಸಾರ್. ಅದನ್ನ ಹಾಕಿ. ಆಮೇಲೂ ಆ ಊರಿನವರು ಮಾತಾಡದೆ ಬಾಯಿ ಮುಚ್ಕೊಂಡು ಕೂತ್ರೆ, ನಾನೇ ಹೋಗಿ ಕಿತ್ತುಕೊಂಡು ಬಂದು ಗಿರಣಿಗೆ ಕೊಡ್ತೀನಿ."

ದೊಡ್ಡ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಬ್ಯಾಟರಿ ಹಾಕಿಸಿ. ಮುಂದಿನ ತಿಂಗಳು ಕರೆಗಳ ಲೆಕ್ಕ ನೋಡೋಣ. ಆಗಲೂ ಸೊನ್ನೆ ಇದ್ರೆ ಸಹಿ ಹಾಕ್ತೀನಿ" ಎಂದು ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು ನಮ್ಮ ಸಾಹೇಬರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದೇನೆಂದು ಎರಡು ವಾರದ ಮೇಲೆ ಗೊತ್ತಾಯಿತು. ಇವರಿಗೆ ನಾಗಮಂಗಲಕ್ಕೆ ವರ್ಗವಾಗಿತ್ತು.

ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ದಿನಾ ಓಡಾಡುವುದೆಂದರೆ ಹುಡುಗಾಟವಲ್ಲ. ಶಿಕ್ಷೆಯೆಂದು ಯಾರೂ ಬರೆದಿರಲಿಲ್ಲ, ಆಡಳಿತದ ಹಿತದೃಷ್ಟಿ ಎಂದಿತ್ತು. ನಾನು ಅತ್ತೆ. "ಸಾಹೇಬರನ್ನ ಒಂದು ಮಾತು ಕೇಳಿಕೊಳ್ಳಿ ಮೇಡಂ, ನಿಲ್ಲಿಸ್ತಾರೆ" ಎಂದೆ.

ಅವರು ನನ್ನ ಮೇಲೇ ರೇಗಿದರು. "ಕೇಳಿಕೊಳ್ಳೋದಾ? ಏನಂತ ಕೇಳಿಕೊಳ್ಳಲಿ? ಬೆಸುಗೆ ಹಾಕಿದ್ದು ತಪ್ಪಾಯ್ತು, ಬಿಚ್ತೀನಿ ಅಂತಲಾ? ನಾಗಮಂಗಲದಲ್ಲೂ ಕಂಪ್ಯೂಟರ್ ಇದೆ ಕಣೇ." ಊಟದ ಬ್ಯಾಗಿನಲ್ಲಿ ಡಬ್ಬಿಯ ಪಕ್ಕಕ್ಕೆ ಆ ಕ್ವೆರಿಯ ಫ್ಲಾಪಿಯನ್ನು ಸೇರಿಸಿ ಜಿಪ್ ಎಳೆದರು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಗಮಂಗಲಕ್ಕೆ ಹೋದ ತಿಂಗಳಲ್ಲೇ ಅಲ್ಲಿಯ ಅಧಿಕಾರಿ ನಮ್ಮ ಸಾಹೇಬರಿಗೆ ಫೋನ್ ಮಾಡಿ, "ಎಂಥವರನ್ನ ಕಳಿಸಿದ್ರಿ ಮಾರಾಯರೆ" ಎಂದು ಗೋಳಾಡಿದರು. ಅಲ್ಲಿಯ ಫೋನುಗಳ ಸರವೂ ಹೊರಗೆ ಬಿದ್ದಿತ್ತು. ಅಲ್ಲಿಂದ ಕೆ.ಆರ್. ಪೇಟೆಗೆ ಎತ್ತಿಹಾಕಿದರು. ಫ್ಲಾಪಿ ಅಲ್ಲಿಗೂ ಹೋಯಿತು. ಅವರನ್ನು ಶಿಕ್ಷಿಸಲು ಹೋಗಿ ಮೇಲಿನವರೇ ಆ ಕ್ವೆರಿಯನ್ನು ತಾಲ್ಲೂಕು ತಾಲ್ಲೂಕಿಗೆ ಬಸ್ ಚಾರ್ಜು ಕೊಟ್ಟು ಹಂಚಿದರು. ಅವರಿಗೆ ಬಡ್ತಿ ತಡವಾಗಿ ಬಂತು, ಅದೂ ಕಿರಿಯರೆಲ್ಲ ಮುಂದೆ ಹೋದ ಮೇಲೆ. ಒಮ್ಮೆ ಮೇಲುಕೋಟೆಯಲ್ಲಿ ಸಿಕ್ಕಾಗ ನಾನು ಆ ವಿಷಯ ತೆಗೆದು ಮರುಗಿದೆ. ಅವರು ಪುಳಿಯೋಗರೆಯ ಎಲೆ ನನ್ನ ಕೈಗೆ ಕೊಟ್ಟು, "ನಿನಗೆ ಮರುಗೋದಕ್ಕೆ ಬೇರೆ ಯಾರೂ ಸಿಗಲಿಲ್ವಾ? ತಿನ್ನು" ಎಂದರು. ಇಂಥವರನ್ನು ಸಾಧು ಹೆಂಗಸು ಎನ್ನುವವರ ಬಾಯಿಗೆ ಏನು ಹೇಳಲಿ!

ಮತ್ತೆ ಆ ತಿಂಗಳಿಗೆ ಬರುತ್ತೇನೆ. ಬ್ಯಾಟರಿ ಬಂತು. ಚಿಕ್ಕಣ್ಣ ಅದನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದ. ಮಾರನೇ ಬೆಳಿಗ್ಗೆ ಟೆಸ್ಟಿಗೆ ರಿಂಗ್ ಕೊಟ್ಟಾಗ ಆ ಕಡೆಯಿಂದ "ಯಾರವ್ವಾ ಅದೂ?" ಎಂದು ದೇವೀರಮ್ಮ ಕೂಗಿದ್ದು ಇಡೀ ಕೋಣೆಗೆ ಕೇಳಿಸಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಇವರು ಬಂದು ರಿಸೀವರ್ ಕಸಿದುಕೊಂಡು, "ದೇವೀರಮ್ಮಾ, ಕಿರುಚಬೇಡ, ಕೇಳಿಸುತ್ತೆ" ಎಂದು ತಾವೂ ಅಷ್ಟೇ ಜೋರಾಗಿ ಕಿರುಚಿದರು. ಅಂದಿನಿಂದ ಪ್ರತಿದಿನ ಟೆಸ್ಟಿನ ಹೊತ್ತಿಗೆ ದೇವೀರಮ್ಮನದು ಒಂದೇ ಮಾತು, "ಆಚಾರ್ರ ಮಗಳ್ ಕೈಗೆ ಕೊಡವ್ವಾ."

ಅವರು ಹೊರಟುಹೋದ ಮಾರನೇ ದಿನವೂ ಅದನ್ನೇ ಕೇಳಿದಳು.

"ಇಲ್ಲ ಕಣಮ್ಮ. ಅವರನ್ನ ನಾಗಮಂಗಲಕ್ಕೆ ಹಾಕಿದ್ರು."

"ಯಾಕಂತೆ?"

ಹೇಳಬಾರದಿತ್ತೋ ಏನೋ. "ನಿಮ್ಮೂರ ಫೋನು ಉಳಿಸಿದ್ದಕ್ಕೆ" ಎಂದೆ.

ಫೋನು ಮತ್ತೆ ಸತ್ತಿತೇನೋ ಎಂದು ನಾನು ಗುಂಡಿ ಕುಟ್ಟಿದೆ.

"ಇದೀನಿ ಕಣವ್ವಾ" ಎಂದಳು. "ಯಾರು ಆಕಿದ್ದು ಆವಮ್ಮನ್ನ?"

"ಸಾಹೇಬರು."

"ಆ ಸಾಯೇಬ್ರ ನಂಬರ್ ಕೊಡು. ಇಲ್ಲೊಂದ್ ಇದ್ಲು ಚೂರದೆ, ಗ್ವಾಡೆ ಮ್ಯಾಲೆ ಬರ್ಸ್ಕತೀನಿ."

ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ, ಇದ್ದಿದ್ದರೂ ಹೇಳುತ್ತಿದ್ದೆ. ಕಚೇರಿಯ ನಂಬರು ಹೇಳಿದೆ. ಆಮೇಲೆ, ಕೇಳದಿದ್ದರೂ, ಮನೆಯ ನಂಬರನ್ನೂ ಹೇಳಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಟೆಸ್ಟಿಗೆ ಕೂತು 'ಬಳಕೆ ಇಲ್ಲದ' ಆ ಊರಿಗೆ ರಿಂಗ್ ಕೊಟ್ಟೆ. ಎಂಗೇಜ್. ಸ್ವಲ್ಪ ಬಿಟ್ಟು ಕೊಟ್ಟೆ. ಎಂಗೇಜ್. ಸಾಹೇಬರ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಅವರು ಎತ್ತಿ, ಕೇಳಿ, ಇಟ್ಟರು. ಇಟ್ಟ ಕೂಡಲೇ ಮತ್ತೆ ಹೊಡೆದುಕೊಂಡಿತು. ಅವತ್ತು ಸಂಜೆ ಪಟಕ್ಕೆ ಊದುಬತ್ತಿ ಹಚ್ಚಲು ಅವರು ಕಡ್ಡಿ ಗೀರಿದಾಗಲೂ ಅದು ಹೊಡೆದುಕೊಳ್ಳುತ್ತಲೇ ಇತ್ತು.